ನೆಗ್ಗಿಲಗುಡ್ಡದ ಮೂರು ಕಲ್ಲು

ನಮ್ಮ ರಾಯಚೂರು ಸೀಮೆಯಲ್ಲಿ ಮನುಷ್ಯ ಗುಡ್ಡ ಹತ್ತಬೇಕಾದರೆ ಕೈಯಲ್ಲಿ ಒಂದು ಕಾರಣ ಇಟ್ಟುಕೊಂಡಿರಬೇಕು. ಆಡು ತಪ್ಪಿಸಿಕೊಂಡಿರಬೇಕು, ಇಲ್ಲವೇ ಹರಕೆ ಇರಬೇಕು. ಸರ್ವೇದವನಾದರೆ ಟೇಪು ಹಿಡಿದಿರಬೇಕು. ಇದ್ಯಾವುದೂ ಇಲ್ಲದಿದ್ದರೆ ಮನೆಯಲ್ಲಿ ಹೆಂಡತಿ ಜೊತೆ ಜಗಳವಾಗಿರಬೇಕು. ಅಂಥವನಿಗೆ ಊರವರು ಏನೂ ಕೇಳದೆ ಒಂದು ಚರಿಗೆ ನೀರು ಕೊಟ್ಟು ಕಳಿಸುತ್ತಾರೆ. ಸುಮ್ಮನೆ ಹತ್ತುವುದು ಮಾತ್ರ ನಮ್ಮಲ್ಲಿಲ್ಲ. ನಮ್ಮ ಬಿಸಿಲಿನಲ್ಲಿ ಸುಮ್ಮನೆ ಕೂರುವುದೇ ಒಂದು ಕೆಲಸ.

ಈ ಕಟ್ಟಳೆಯನ್ನು ಮುರಿದ ಮೊದಲ ಮನುಷ್ಯ ನಮ್ಮ ಓಣಿಯ ಜಂಬಣ್ಣ. ನನ್ನ ಮನೆಯ ಎದುರಿಗೇ ನೂರ್ ಬೀ ಅವರ ಮನೆ. ಅದರ ಮಹಡಿಯ ಮೇಲೆ ಬಾಡಿಗೆಗೆ ಜಂಬಣ್ಣ, ಅವನ ಹೆಂಡತಿ ನಾಗವೇಣಿ. ಮದುವೆಯಾಗಿ ಅಕ್ಕಿ ಒದ್ದು ಒಳಗೆ ಬಂದ ಮನೆ ಅದೇ. ಆಮೇಲೆ ಅವರು ಆ ಮನೆ ಬಿಟ್ಟಿಲ್ಲ, ಆ ಮನೆ ಅವರನ್ನು ಬಿಟ್ಟಿಲ್ಲ. ಜಂಬಣ್ಣ ಒಂದು ಆಫೀಸಿನಲ್ಲಿ ಒಳಗೆ ಬಂದ ಕಾಗದಕ್ಕೆ ಮುದ್ರೆ ಹೊಡೆಯುವ ಕೆಲಸದಲ್ಲಿದ್ದ. ಕೂತು ಕೂತು ಕುರ್ಚಿ ಅವನ ಆಕಾರಕ್ಕೆ ಬಂದಿತ್ತೋ, ಅವನು ಕುರ್ಚಿಯ ಆಕಾರಕ್ಕೆ ಬಂದಿದ್ದನೋ, ಹೇಳುವುದು ಕಷ್ಟ.

ಅವನ ಪಕ್ಕದ ಮೇಜಿನ ಹನುಮಂತ್ರಾಯ ರಜೆ ಹಾಕಿ ಉತ್ತರದ ಕಡೆ ಯಾವುದೋ ಹಿಮದ ಬೆಟ್ಟ ಹತ್ತಿ ಬಂದ. ಹತ್ತಿ ಬಂದವನು ತೆಪ್ಪಗಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಅವನು ಮಿರ್ಚಿ ಭಜಿ ತರಿಸಿ, ಇಡೀ ಆಫೀಸನ್ನು ಸುತ್ತ ಕೂರಿಸಿಕೊಂಡು, ಮೊಬೈಲಿನಲ್ಲಿ ಒಂದೊಂದೇ ಫೋಟೋ ಸರಿಸುತ್ತ ಹಿಮ ತೋರಿಸಿದ. ಸಾಹೇಬರು ಎದ್ದು ಬಂದು ಅವನ ಬೆನ್ನು ತಟ್ಟಿದರು. ಜಂಬಣ್ಣನ ಬೆನ್ನನ್ನು ಆ ಆಫೀಸಿನಲ್ಲಿ ಸೊಳ್ಳೆ ಹೊಡೆಯುವುದಕ್ಕೂ ಯಾರೂ ತಟ್ಟಿರಲಿಲ್ಲ. ಅವನಿಗೆ ತಡೆಯಲಾಗಲಿಲ್ಲ. ಬಾಯಲ್ಲಿದ್ದ ಭಜಿ ನುಂಗಿ ಹೇಳಿಬಿಟ್ಟ:

"ಹಿಮದ ಗುಡ್ಡಕ್ಕ ಎಲ್ಲಾರೂ ಹೋಗ್ತಾರ. ನಾ ಹಂಗಲ್ಲ. ಯಾರೂ ಹೋಗಲಾರದ ಗುಡ್ಡಕ್ಕ ಹೋಗ್ತೀನಿ."

ಯಾವ ಗುಡ್ಡ ಎಂದು ಎಲ್ಲರೂ ಕೇಳಿದರು. ಜಂಬಣ್ಣನಿಗೆ ಗುಡ್ಡ ಗೊತ್ತಿದ್ದರೆ ತಾನೆ. ಹಿಂದೊಮ್ಮೆ ಕೃಷ್ಣೆಯ ದಂಡೆಯ ಗೂಗಲ್ ಎಂಬ ಊರಿಗೆ ಅಲ್ಲಮಪ್ರಭುವಿನ ದರ್ಶನಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಲ್ಲಿ ಒಂದು ಬೋಳು ಗುಡ್ಡ ಕಂಡಿತ್ತು. ಪಕ್ಕ ಕೂತವನು ಅದರ ಹೆಸರು ಹೇಳಿ ನಿದ್ದೆ ಹೋಗಿದ್ದ. ಆ ಹೆಸರೇ ನೆನಪಿಗೆ ಬಂತು: ನೆಗ್ಗಿಲಗುಡ್ಡ. ಹೇಳಿದ ಮೇಲೆ ಹೋಗಲೇಬೇಕಾಯಿತು.

ವಾರವೆಲ್ಲ ಅವನು ಮೊಬೈಲಿನಲ್ಲಿ ಗುಡ್ಡ ಹತ್ತುವ ವಿದ್ಯೆ ಕಲಿತ. ಬೂಟು ಬಂತು, ಟೊಪ್ಪಿಗೆ ಬಂತು, ಮಡಚುವ ಕೋಲು ಬಂತು. ಮೊಬೈಲಿನ ಗುರು ಒಂದು ಮಾತನ್ನು ಒತ್ತಿ ಒತ್ತಿ ಹೇಳಿದ್ದನಂತೆ: ಗೊತ್ತಿಲ್ಲದ ಗುಡ್ಡದಲ್ಲಿ ತಿರುವು ತಿರುವಿಗೂ ಕಲ್ಲಿನ ಮೇಲೆ ಕಲ್ಲು, ಒಟ್ಟು ಮೂರು ಕಲ್ಲು ಇಡುತ್ತ ಹೋಗಬೇಕು, ಇಲ್ಲದಿದ್ದರೆ ಇಳಿಯುವ ದಾರಿ ತಪ್ಪುತ್ತದೆ. ಜಂಬಣ್ಣ ಇದನ್ನು ಮನೆಯ ಮೆಟ್ಟಿಲ ಮೇಲೆ ಬೆಂಡೆಕಾಯಿ ಇಟ್ಟು ಅಭ್ಯಾಸ ಮಾಡಿದ. ನಾಗವೇಣಿ ಅವನ್ನೆಲ್ಲ ಆರಿಸಿಕೊಂಡು ಹೋಗಿ ಪಲ್ಯ ಮಾಡಿದಳು.

ಒಂದು ಭಾನುವಾರ ದೇವದುರ್ಗದ ಬಸ್ಸು ಹತ್ತಿ, ಅಲ್ಲಿಂದ ಟಂಟಂ ಹಿಡಿದು, ಗುಡ್ಡದ ಬುಡದ ನೆಗ್ಗಿಲಹಾಳದಲ್ಲಿ ಇಳಿದ. ಊರ ಮುಂದೆ ಬಸ್ಸಮ್ಮ ಎಂಬ ಹೆಣ್ಣುಮಗಳ ಚಹಾದ ಗುಡಿಸಲು. ಟೊಪ್ಪಿಗೆ, ಬೂಟು, ಕೋಲು ಮೂರನ್ನೂ ಕ್ರಮವಾಗಿ ನೋಡಿ ಆಕೆ ವಿಚಾರಣೆ ಶುರು ಮಾಡಿದಳು.

"ಆಡು ಹುಡುಕ್ಕೊಂಡು ಬಂದೀರೇನ್ರಿ ಯಪ್ಪಾ?"

"ಇಲ್ಲಬೇ."

"ಹರಕಿ ಐತೇನು?"

"ಹರಕಿ ಇಲ್ಲ, ಏನಿಲ್ಲ. ಸುಮ್ನ ಬಂದೀನಿ."

"ಸುಮ್ನ ಯಾರ್ರಿ ಬರ್ತಾರ ಈ ಗುಡ್ಡಕ್ಕ? ನಮ್ಮ ಆಡೂ ಸುಮ್ನ ಹೋಗಂಗಿಲ್ಲ."

ಜಂಬಣ್ಣ ನಕ್ಕು ಮುಂದೆ ಹೋದ. ಬಸ್ಸಮ್ಮ ನಗಲಿಲ್ಲ. ಹೇಳಲು ಇಷ್ಟವಿಲ್ಲದ ಕಾರಣವೇ ದೊಡ್ಡ ಕಾರಣ ಎಂಬುದು ಚಹಾ ಮಾರುವವರಿಗೆ ಗೊತ್ತಿರುತ್ತದೆ. ಅವನು ಹೋದ ದಾರಿಯನ್ನೇ, ತಿರುವಿನಲ್ಲಿ ಅವನು ಬಗ್ಗಿ ಕಲ್ಲು ಜೋಡಿಸುವುದನ್ನೇ ನೋಡುತ್ತ ಕೂತಳು.

ಗುಡ್ಡದ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು. ಅದು ನಿಜವಾಗಿಯೂ ಯಾರೂ ಹೋಗದ ಗುಡ್ಡ. ಆನೆ ಮಲಗಿದಂಥ ಬಂಡೆಗಳು, ಅವುಗಳ ಸಂದಿಯಲ್ಲಿ ಸೀತಾಫಲದ ಪೊದೆ, ಕಾಲಿಟ್ಟಲ್ಲೆಲ್ಲ ಹೆಸರಿಗೆ ತಕ್ಕ ನೆಗ್ಗಿಲಮುಳ್ಳು. ಮೇಲೆ ಹೋದಂತೆ ಟಂಟಂ ಸದ್ದು ನಿಂತಿತು, ಊರಿನ ಮೈಕು ನಿಂತಿತು. ಕೌಜುಗವೊಂದು ಕೂಗಿ, ತಾನು ಕೂಗಿದ್ದು ಹೆಚ್ಚಾಯಿತೇನೋ ಎಂಬಂತೆ ಸುಮ್ಮನಾಯಿತು. ತುದಿಯಿಂದ ನೋಡಿದರೆ ಒಂದು ಕಡೆ ಹತ್ತಿಯ ಹೊಲ, ಇನ್ನೊಂದು ಕಡೆ ಕಾಲುವೆಯ ನೀರಿನ ಭತ್ತ, ದೂರದಲ್ಲಿ ಕೃಷ್ಣೆ ಒಣಹಾಕಿದ ಧೋತರದ ಹಾಗೆ. ಜಂಬಣ್ಣ ಅಲ್ಲಿ ಬೂಟು ಬಿಚ್ಚಿ ಕೂತು, ತಾನು ಮುದ್ರೆ ಹೊಡೆದ ಕಾಗದಗಳೆಲ್ಲ ಎಲ್ಲಿಗೆ ಹೋಗಿರಬಹುದು ಎಂದು ಜೀವನದಲ್ಲಿ ಮೊದಲ ಸಲ ಯೋಚಿಸಿದನಂತೆ. ಉತ್ತರ ಹೊಳೆಯದಿದ್ದರೂ ಸುಖವಾಯಿತಂತೆ. ಅವನು ನಂತರ ಅನುಭವಿಸಿದ್ದೆಲ್ಲ ಈ ಸುಖದ ಬಡ್ಡಿ ಎಂದು ನಾನು ತಿಳಿದಿದ್ದೇನೆ.

ಹತ್ತುವಾಗ ಗುರುವಿನ ಮಾತಿನಂತೆ ತಿರುವಿಗೊಂದು ಗುಪ್ಪೆ, ಗುಪ್ಪೆಗೆ ಮೂರು ಕಲ್ಲು ಇಟ್ಟಿದ್ದ. ತುದಿಯಲ್ಲಿ ಒಂದು ದೊಡ್ಡ ಗುಂಡುಕಲ್ಲಿನ ಮುಂದೆ ಚಪ್ಪಟೆ ಕಲ್ಲುಗಳನ್ನು ಆರಿಸಿ ಇನ್ನೂ ಚಂದದ ಗುಪ್ಪೆ ಕಟ್ಟಿ, ಅದರ ಫೋಟೋ ತೆಗೆದು, ಮೊಬೈಲಿನಲ್ಲಿ ಎಲ್ಲರಿಗೂ ಕಾಣುವಂತೆ ಸ್ಟೇಟಸ್ ಹಾಕಿದ. ಕೆಳಗೆ ಒಂದಕ್ಷರ ಬರೆಯಲಿಲ್ಲ. ಸಾಧಕರು ಬರೆಯುವುದಿಲ್ಲ.

ಈಗ ನೀವೇ ಹೇಳಿ. ನಮ್ಮ ಕಡೆ ಗುಡ್ಡದ ಮೇಲೆ ಕಲ್ಲಿನ ಮೇಲೆ ಕಲ್ಲು ಇಡುವವರು ಯಾರು? ಸ್ವಂತ ಮನೆ ಇಲ್ಲದವರು. ದೇವರ ಗುಡ್ಡಕ್ಕೆ ಹೋದಾಗ ಪುಟ್ಟ ಕಲ್ಲುಗಳನ್ನು ಒಂದರ ಮೇಲೊಂದು ಇಟ್ಟು ಮನೆ ಮಾಡಿ, ದೇವರೇ, ನಾನು ಸಣ್ಣದು ಕಟ್ಟಿದ್ದೇನೆ, ನೀನು ದೊಡ್ಡದು ಕಟ್ಟಿಸು ಎಂದು ಕೈಮುಗಿದು ಬರುತ್ತಾರೆ. ಹಾಲು ಕುಡಿಯುವ ಕೂಸನ್ನು ಬಿಟ್ಟು ಉಳಿದ ಎಲ್ಲರಿಗೂ ಇದು ಗೊತ್ತು. ಜಂಬಣ್ಣನಿಗೂ ಗೊತ್ತು, ಅವನ ತಾಯಿಯೇ ಅಂಥ ಹತ್ತಾರು ಮನೆ ಕಟ್ಟಿದವಳು. ಆದರೆ ಮೊಬೈಲಿನಲ್ಲಿ ಕಲಿತ ವಿದ್ಯೆಯ ಗುಣವೇ ಹಾಗೆ. ಅದು ಒಳಗೆ ಬರುವಾಗ ಮೊದಲಿದ್ದದ್ದನ್ನು ಹೊರಗೆ ಹಾಕಿ ಬಾಗಿಲು ಹಾಕಿಕೊಳ್ಳುತ್ತದೆ.

ಇಳಿದು ಬಂದಾಗ ಬಸ್ಸಮ್ಮ ಎದ್ದು ನಿಂತು ಚಹಾ ಕೊಟ್ಟಳು. ಇಟ್ಟ ಕಲ್ಲು ಏನಾದರೂ ಉರುಳಿದವೋ ಎಂದು ಕೇಳಿದಳು. ಒಂದೂ ಅಲುಗಿಲ್ಲ ಎಂದು ಜಂಬಣ್ಣ ಎದೆಯುಬ್ಬಿಸಿದ. ಆಕೆ ಗುಡ್ಡದ ಕಡೆ ತಿರುಗಿ ಕೈ ಮುಗಿದು ಕಣ್ಣಿಗೆ ಒತ್ತಿಕೊಂಡಳು. ಹಳ್ಳಿಯವರಿಗೂ ಗುಡ್ಡ ಹತ್ತುವ ವಿದ್ಯೆಯ ಮೇಲೆ ಎಷ್ಟು ಗೌರವವಿದೆ ಎಂದು ಜಂಬಣ್ಣ ದಾರಿಯುದ್ದಕ್ಕೂ ಸಂತೋಷಪಟ್ಟ.

ಮನೆಗೆ ಬಂದರೆ ನಾಗವೇಣಿ ಬಿಸಿನೀರು ಕಾಸಿಟ್ಟಿದ್ದಳು. ಕಾಲಿನ ಮುಳ್ಳುಗಳನ್ನು ತಾನೇ ಪಿನ್ನಿನಿಂದ ತೆಗೆದಳು. ರೊಟ್ಟಿಯ ಮೇಲೆ ತುಪ್ಪ ಬಿತ್ತು, ಪುಂಡಿಪಲ್ಯದ ಮಗ್ಗಲಿಗೆ ಶೇಂಗಾ ಚಟ್ನಿ ಬಿತ್ತು. ಗುಡ್ಡ ಹತ್ತಿ ಬಂದವನಿಗೆ ಇಷ್ಟು ಮರ್ಯಾದೆ ಸಿಗುವುದಾದರೆ ಹನುಮಂತ್ರಾಯ ವರ್ಷವಿಡೀ ಯಾಕೆ ಹಿಮದಲ್ಲೇ ಉಳಿಯಲಿಲ್ಲ ಎಂದು ಜಂಬಣ್ಣನಿಗೆ ಸೋಜಿಗವಾಯಿತು. ಕೈ ತೊಳೆಯುವಾಗ ಆಕೆ ತಲೆ ತಗ್ಗಿಸಿ ಒಂದೇ ಮಾತು ಅಂದಳು:

"ಮನಿ ವಿಚಾರ ಮನಸಿನ್ಯಾಗ ಇಟ್ಕೊಂಡು ಹೋಗಿದ್ರಿ. ನನಗ ಒಂದು ಮಾತು ಹೇಳಬಾರ್ದಿತ್ತೇನು?"

ಜಂಬಣ್ಣ ಆ ಕ್ಷಣ ನಿಜ ಹೇಳಬೇಕಿತ್ತು. ಆದರೆ ತುಪ್ಪದ ರುಚಿ ಇನ್ನೂ ನಾಲಿಗೆಯಲ್ಲಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡ.

ಮರುದಿನ ಬೆಳಗ್ಗೆ ನೂರ್ ಬೀ ಮಹಡಿ ಹತ್ತಿ ಬಂದರು. ಕೈಯಲ್ಲಿ ಒಂದು ತಟ್ಟೆ ಶೀರಾ. ಸ್ಟೇಟಸ್ಸನ್ನು ಅವರ ಮಗ ಜಹೀರ್ ತೋರಿಸಿದ್ದ. ಜಹೀರ್‌ಗೆ ಮಾನ್ವಿಯ ನಿಗಾರ್ ಎಂಬ ಹುಡುಗಿಯ ಜೊತೆ ನಿಕಾಹ್ ಗೊತ್ತಾಗಿತ್ತು. ಹೊಸ ಜೋಡಿಗೆ ಮಹಡಿ ಮನೆ ಬೇಕು. ಆದರೆ ಮನೆಮಂದಿಯ ಹಾಗೆ ಇರುವವರನ್ನು ಎಬ್ಬಿಸುವುದು ಹೇಗೆ ಎಂದು ನೂರ್ ಬೀ ತಿಂಗಳಿಂದ ಊಟ ಬಿಟ್ಟಿದ್ದರು. ಶೀರಾ ಕೆಳಗಿಟ್ಟು ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಖುಷಿ ಆತು ಜಂಬಣ್ಣಾ. ಖಾಲಿ ಮಾಡ್ರಿ ಅಂತ ಕೇಳಾಕ ನಂಗ ಮುಖ ಇದ್ದಿಲ್ಲ. ಮ್ಯಾಲಿನ ಮಾಲಿಕ್‌ನೇ ದಾರಿ ತೋರ್ಸ್ಯಾನ. ನಿಕಾಹ್ ಆಗೋದ್ರಾಗ ಹೋಗ್ರಿ, ಅವಸರ ಏನಿಲ್ಲ."

ನಿಕಾಹ್ ಬರುವ ತಿಂಗಳೇ ಇತ್ತು.

ಜಂಬಣ್ಣ ಶೀರಾದ ತಟ್ಟೆ ಆಚೆ ಸರಿಸಿದ. ಕಲ್ಲು ಇಟ್ಟಿದ್ದು ಮನೆಗಲ್ಲ, ದಾರಿಯ ಗುರುತಿಗೆ ಎಂದು ಬಿಡಿಸಿ ಬಿಡಿಸಿ ಹೇಳಿದ. ನೂರ್ ಬೀ ಕೇಳಿದರು, ತಲೆದೂಗಿದರು, ದೃಷ್ಟಿ ಆಗಬಾರದೆಂದು ಮುಚ್ಚಿಡುವುದು ಒಳ್ಳೆಯದೇ ಎಂದರು. ನಾಗವೇಣಿಯೂ ಹಾಗೇ ಅಂದಳು. ಓಣಿಯಲ್ಲಿ ಅವನು ಎಷ್ಟು ಜೋರಾಗಿ ಇಲ್ಲವೆಂದನೋ ಜನಕ್ಕೆ ಅಷ್ಟು ಗಟ್ಟಿಯಾಗಿ ಹೌದೆನಿಸಿತು. ಏನೂ ಇಲ್ಲದವನು ಇಷ್ಟು ಕೂಗಾಡುತ್ತಾನೆಯೇ ಎಂದು ನಾನೂ ಒಂದು ದಿನ ನಂಬಿದ್ದೆ.

ಬೇರೆ ಬಾಡಿಗೆ ಮನೆ ನೋಡೋಣವೆಂದು ಜಂಬಣ್ಣ ಮತ್ತು ನಾನು ರಾಯಚೂರು ಸುತ್ತಿದೆವು. ಎಲ್ಲ ಕಡೆಯೂ ಫೋಟೋ ನಮಗಿಂತ ಮೊದಲೇ ಹೋಗಿ ಕೂತಿತ್ತು. ಮನೆಯ ಮಾಲೀಕರು ನಗುನಗುತ್ತಾ ಚಹಾ ಕೊಟ್ಟು, ನಾಳೆ ಸ್ವಂತ ಮನೆಗೆ ಹೋಗುವವರಿಗೆ ಇವತ್ತು ಬಾಡಿಗೆಗೆ ಕೊಟ್ಟು ಮತ್ತೆ ಬಾಡಿಗೆದಾರರನ್ನು ಹುಡುಕುವುದು ಯಾರು ಎಂದು ಕೇಳಿದರು. ಹೀಗೆ ಜಂಬಣ್ಣ ನಮ್ಮೂರಿನಲ್ಲಿ ಸ್ವಂತ ಮನೆ ಇರುವ ಕಾರಣಕ್ಕೆ ಬೀದಿಗೆ ಬೀಳಲಿರುವ ಮನುಷ್ಯನಾದ. ಮನೆ ಮಾತ್ರ ಇರಲಿಲ್ಲ.

ಇಷ್ಟರಲ್ಲಿ ಮಾನ್ವಿಯಿಂದ ನಾಗವೇಣಿಯ ತಮ್ಮ ಪಂಪಾಪತಿ ಬಂದಿಳಿದ. ಅವನದು ಸೆಂಟ್ರಿಂಗ್ ಕೆಲಸ. ಛತ್ತು ಹಾಕುವಾಗ ಕೆಳಗೆ ಕೊಡುವ ಹಲಗೆ, ಬೊಂಬು ಎಲ್ಲ ಅವನವೇ. ಅವುಗಳನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡೇ ಬಂದಿದ್ದ. ನೂರ್ ಬೀ ಅವರ ಬಾಗಿಲ ಮುಂದೆ ಬೊಂಬಿನ ರಾಶಿ ಇಳಿಸಿ, ಮೊಬೈಲಿನ ಫೋಟೋವನ್ನು ಹಿಗ್ಗಿಸಿ ನೋಡಿ, ಮೂರು ಕಲ್ಲು ಅಂದರೆ ಮೂರಂತಸ್ತು ಎಂದು ತೀರ್ಪು ಕೊಟ್ಟ. ಹಿಂದಿನ ತಿರುವಿನಲ್ಲಿ ಇನ್ನೊಂದು ಗುಪ್ಪೆ ಕಾಣುತ್ತಿತ್ತು. ಅದು ಯಾರದೆಂದು ವಿಚಾರಿಸಿದ. ಅದೂ ತಾನೇ ಇಟ್ಟಿದ್ದು, ದಾರಿಯುದ್ದಕ್ಕೂ ಇಂಥವು ಇವೆ ಎಂದು ಜಂಬಣ್ಣ ಬೇಸರದಿಂದ ಹೇಳಿದ. ಪಂಪಾಪತಿ ಭಾವನ ಕಾಲು ಮುಟ್ಟಿ ನಮಸ್ಕರಿಸಿದ. ಒಂದು ಮನೆ ಕಟ್ಟುತ್ತಾರೆಂದು ಬಂದರೆ ಇವರು ಓಣಿಯನ್ನೇ ಕಟ್ಟಲು ಹೊರಟಿದ್ದಾರೆ.

ಕೊನೆಗೆ ಜಂಬಣ್ಣ ಒಂದು ಉಪಾಯ ತಂದ. ಹರಕೆ ಎಂದು ಎಲ್ಲರೂ ತಿಳಿದಿದ್ದರೆ, ಹರಕೆಯನ್ನು ವಾಪಸ್ಸು ತೆಗೆದುಕೊಂಡರಾಯಿತು. ಇಟ್ಟ ಕಲ್ಲುಗಳನ್ನು ಎಲ್ಲರ ಎದುರಿಗೆ ಕೆಡವಿ ಬಂದರೆ ಮನೆಯ ಮಾತು ಅಲ್ಲಿಗೇ ಮುಗಿಯಿತು. ನಾಗವೇಣಿ ಇದನ್ನು ಕೇಳಿ ಎರಡು ದಿನ ತುಪ್ಪ ಬಂದ್ ಮಾಡಿದಳು. ನೂರ್ ಬೀ ನ್ಯಾಯವಂತೆ. ಒಪ್ಪಿಕೊಂಡರು.

"ನಿನ್ನ ಕೈಲೇ ಇಟ್ಟಿದ್ದು ನಿನ್ನ ಕೈಲೇ ತಗೀಬೇಕು. ನನ್ನ ಕಣ್ಣಿಗೆ ಕಾಣಬೇಕು. ಕಂಡ್ರ, ಜಹೀರ್‌ಗೆ ನಾ ಹೇಳ್ತೀನಿ, ನೀವು ಮ್ಯಾಲೇ ಇರ್ರಿ."

ಒಂದು ಕ್ರೂಸರ್ ಗಾಡಿ ಮಾಡಿಕೊಂಡು ಎಲ್ಲರೂ ಹೊರಟೆವು. ಜಂಬಣ್ಣ, ಮಾತಾಡದ ನಾಗವೇಣಿ, ನೂರ್ ಬೀ, ಅಳತೆಯ ಟೇಪು ಹಿಡಿದ ಪಂಪಾಪತಿ, ಸಾಕ್ಷಿಗೆ ನಾನು. ಜಂಬಣ್ಣ ಅರ್ಧ ಗಂಟೆಯ ಕೆಲಸ ಎಂದ.

ನೆಗ್ಗಿಲಹಾಳಕ್ಕೆ ಹೋದರೆ ಗಾಡಿ ನಿಲ್ಲಿಸಲು ಜಾಗವಿಲ್ಲ. ಕವಿತಾಳದ ಟಂಟಂ, ಪೋತ್ನಾಳದ ಟ್ರ್ಯಾಕ್ಟರು, ಎಲ್ಲಿಯದೋ ಮಿನಿ ಬಸ್ಸು. ಬಸ್ಸಮ್ಮನ ಗುಡಿಸಲಿಗೆ ತಗಡಿನ ಚಪ್ಪರ ಬಂದಿತ್ತು. ಚಹಾದ ಜೊತೆಗೆ ಮಂಡಕ್ಕಿ, ಒಗ್ಗರಣೆ, ಕಾಯಿ, ಊದಿನಕಡ್ಡಿ. ಒಂದು ಮೂಲೆಯಲ್ಲಿ ಚಪ್ಪಟೆ ಕಲ್ಲುಗಳನ್ನು ತೊಳೆದು ಒಣಗಲು ಹಾಕಿದ್ದರು. ಮೇಲೆ ಒಳ್ಳೆಯ ಕಲ್ಲು ಖರ್ಚಾಗಿ ಹೋಗಿವೆ, ಕೆಳಗಿನಿಂದಲೇ ಒಯ್ಯುವುದು ಲೇಸು ಎಂದು ಬರುವವರಿಗೆ ಹೇಳುತ್ತಿದ್ದರು. ಬಸ್ಸಮ್ಮ ಜಂಬಣ್ಣನ ಟೊಪ್ಪಿಗೆಯನ್ನು ದೂರದಿಂದಲೇ ಗುರುತಿಸಿ ಎದ್ದು ನಿಂತಳು.

"ಮೊದಲ ಕಲ್ಲಿನ ಯಪ್ಪಾ ಬಂದಾನ್ರಿ."

ಜನ ಸುತ್ತುಗಟ್ಟಿದರು. ಕೆಲವರು ಕಾಲಿಗೆ ಬಿದ್ದರು, ಒಬ್ಬಾಕೆ ಕೂಸನ್ನು ತಂದು ಅವನ ಕೋಲಿಗೆ ಮುಟ್ಟಿಸಿದಳು. ಮನೆ ಯಾವ ಮಟ್ಟಕ್ಕೆ ಬಂತು, ಛತ್ತು ಬಿತ್ತೋ ಇಲ್ಲವೋ ಎಂದು ಎಲ್ಲರೂ ಒಟ್ಟಿಗೆ ಕೇಳಿದರು. ಇನ್ನೂ ಸೈಟೇ ಇಲ್ಲ ಎಂದು ಜಂಬಣ್ಣ ಅಂದ. ಮಂಡಕ್ಕಿ ತಿನ್ನುವ ಸದ್ದು ಕೂಡ ನಿಂತಿತು. ಬಸ್ಸಮ್ಮ ಅವನ ರಟ್ಟೆ ಹಿಡಿದು ಚಪ್ಪರದ ಹಿಂದೆ ಕರೆದೊಯ್ದಳು, ನಾವೂ ಬೆನ್ನಿಗೇ ಹೋದೆವು.

"ನಿಮ್ದೇ ಆಗಲಿಲ್ಲಂದ್ರ ಇವರ್ದೆಲ್ಲಾ ಹೆಂಗ ಆಗ್ತದ್ರಿ? ಬಾಯಿ ಮುಚ್ಚಿಕೊಂಡು ಮ್ಯಾಲ ಹೋಗ್ರಿ."

ಹತ್ತತೊಡಗಿದೆವು. ಆಮೇಲೆ ಗೊತ್ತಾಯಿತು, ಅರ್ಧ ಗಂಟೆಯ ಕೆಲಸ ಯಾಕೆ ಅಲ್ಲವೆಂದು. ಜಂಬಣ್ಣ ದಾರಿಗೆ ಗುರುತಾಗಿ ಗುಪ್ಪೆ ಇಟ್ಟಿದ್ದ. ಈಗ ಗುಡ್ಡದ ತುಂಬ ಗುಪ್ಪೆ. ಬಂಡೆಯ ಮೇಲೆ, ಪೊದೆಯ ಕೆಳಗೆ, ಗುಪ್ಪೆಯ ಮೇಲೆಯೇ ಗುಪ್ಪೆ. ದಾರಿ ಎಲ್ಲ ದಿಕ್ಕಿಗೂ ಹೋಗುತ್ತಿತ್ತು. ಮೊಬೈಲಿನ ಗುರುವಿನ ಶಿಷ್ಯ ಮೂರು ಸಲ ನಮ್ಮನ್ನು ಅದೇ ಸೀತಾಫಲದ ಪೊದೆಯ ಹತ್ತಿರ ತಂದು ನಿಲ್ಲಿಸಿದ. ಕೊನೆಗೆ ನೂರ್ ಬೀ ಮುಂದೆ ನಡೆದು, ಮೇಲೆ ಹೋಗಬೇಕಾದರೆ ಮೇಲೆ ನೋಡಿ ನಡೆಯಬೇಕು ಎಂದು ಹೇಳಿ ಎಲ್ಲರನ್ನೂ ತುದಿಗೆ ಮುಟ್ಟಿಸಿದರು.

ತುದಿಯಲ್ಲಿದ್ದ ದೊಡ್ಡ ಗುಂಡುಕಲ್ಲಿಗೆ ಈಗ ಹೆಸರು ಬಂದಿತ್ತು: ಮನಿಗುಂಡಪ್ಪ. ಒಂದು ಮಗ್ಗುಲಿಗೆ ಅರಿಷಿಣ ಕುಂಕುಮ, ಇನ್ನೊಂದು ಮಗ್ಗುಲಿಗೆ ಹಸಿರು ಚಾದರ. ಗುಂಡು ಎರಡಕ್ಕೂ ತಕರಾರು ಮಾಡಿದಂತೆ ಕಾಣಲಿಲ್ಲ. ಜನ ಸಾಲಾಗಿ ಕೂತು ಕಲ್ಲು ಜೋಡಿಸುತ್ತಿದ್ದರು. ಅಡುಗೆಮನೆ ಯಾವ ಕಡೆ, ಬಚ್ಚಲು ಯಾವ ಕಡೆ ಎಂದು ಗಂಡ ಹೆಂಡಿರು ಮುಷ್ಟಿಯಷ್ಟು ಕಲ್ಲಿನ ಮೇಲೆ ಜಗಳ ಆಡುತ್ತಿದ್ದರು. ಪಂಪಾಪತಿ ಟೇಪು ಬಿಚ್ಚಿ ಒಬ್ಬರಿಗೆ ಸಲಹೆ ಕೊಡಲು ಕೂತೇಬಿಟ್ಟ.

ಜಂಬಣ್ಣ ತನ್ನ ಗುಪ್ಪೆ ಹುಡುಕಿದ. ಫೋಟೋ ಹಿಡಿದು ಹೋಲಿಸಿದ. ಎಲ್ಲವೂ ಅದರಂತೆಯೇ ಇದ್ದವು. ಅದನ್ನು ನೋಡಿಯೇ ಕಟ್ಟಿದ್ದಲ್ಲವೇ. ಕೊನೆಗೆ ಒಂದರ ಮೇಲೆ ನಂಬಿಕೆ ಹುಟ್ಟಿ, ನೂರ್ ಬೀ ನೋಡುತ್ತಿದ್ದಾರೋ ಇಲ್ಲವೋ ಎಂದು ತಿರುಗಿಯೂ ನೋಡದೆ, ಮೇಲಿನ ಕಲ್ಲು ತೆಗೆದ. ಹಿಂದಿನಿಂದ ಪೋತ್ನಾಳದ ಹೆಣ್ಣುಮಗಳೊಬ್ಬಳು ಮೆಲ್ಲಗೆ ಅಂದಳು:

"ಯಪ್ಪಾ, ಅದು ನಮ್ಮ ಮ್ಯಾಳಿಗಿ."

ಮಾಳಿಗೆ ಕಿತ್ತವನಿಗೆ ಏನು ಶಿಕ್ಷೆ ಎಂದು ಅಲ್ಲೇ ಪಂಚಾಯಿತಿ ಸೇರಿತು. ಮೊದಲ ಕಲ್ಲಿನವನೆಂದು ಬೈಯಲಿಲ್ಲ. ಕಿತ್ತಿದ್ದನ್ನು ಅವನೇ ಕಟ್ಟಿಕೊಡಬೇಕು, ಅದರ ಮೇಲೆ ಇನ್ನೊಂದು ಅಂತಸ್ತು ದಂಡವಾಗಿ ಏರಿಸಬೇಕು ಎಂದಾಯಿತು. ಜಂಬಣ್ಣ ಬಿಸಿಲಲ್ಲಿ ಮಂಡಿಯೂರಿ ಕಲ್ಲು ಇಟ್ಟ. ಇಟ್ಟು ಎದ್ದವನಿಗೆ ಸಹನೆ ಮುಗಿದಿತ್ತು. ಬಂಡೆಯ ಮೇಲೆ ಹತ್ತಿ, ತಾನು ಯಾವ ಹರಕೆಗೂ ಬಂದವನಲ್ಲ, ಸುಮ್ಮನೆ ಬಂದವನು, ಕಲ್ಲು ಇಟ್ಟಿದ್ದು ಇಳಿಯುವ ದಾರಿ ತಪ್ಪಬಾರದೆಂದು, ಈ ಗುಡ್ಡಕ್ಕೂ ಮನೆಗೂ ಸಂಬಂಧವೇ ಇಲ್ಲ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟ.

ಕಲ್ಲು ಹಿಡಿದ ಕೈಗಳೆಲ್ಲ ಗಾಳಿಯಲ್ಲಿ ನಿಂತವು. ನನಗೆ ಓಡಿಹೋಗಲು ಯಾವ ಕಡೆ ಇಳಿಜಾರು ಕಡಿಮೆ ಎಂಬ ವಿಚಾರ ಬಂತು.

ಆಗ ಗುಂಡಿನ ಹಿಂದಿನಿಂದ ನೂರ್ ಬೀ ಬಂದರು. ಕೈಗೆಲ್ಲ ಮಣ್ಣು. ನಾವು ಮಾಳಿಗೆಯ ಪಂಚಾಯಿತಿಯಲ್ಲಿದ್ದಾಗ ಅವರು ಹಸಿರು ಚಾದರದ ಮಗ್ಗುಲಿಗೆ ಕೂತು ಜಹೀರ್‌ನ ಹೆಸರಿನಲ್ಲಿ ಅಚ್ಚುಕಟ್ಟಾದ ನಾಲ್ಕು ಕಲ್ಲು ಇಟ್ಟು ಬಂದಿದ್ದರು. ಇಟ್ಟವರಿಗೆ ಕೆಡವುವ ಮಾತು ಹಿಡಿಸುವುದಿಲ್ಲ.

"ಸುಮ್ನ ಬಂದವನ ಕೈಲಿ ಮೂರು ಕಲ್ಲು ಇಡಿಸಿದ್ದು ಯಾರು? ಹೇಳು."

ಜಂಬಣ್ಣ ಮೊಬೈಲು ಎಂದು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಜನ ಮನಿಗುಂಡಪ್ಪನಿಗೆ ಜಯಕಾರ ಹಾಕಿದ್ದರು. ಹರಕೆ ಹೊತ್ತವನಿಗಿಂತ, ತನಗೇ ತಿಳಿಯದೆ ಹರಕೆ ಹೊತ್ತವನೇ ದೊಡ್ಡವನು ಎಂದು ಮುದುಕನೊಬ್ಬ ಎಲ್ಲರಿಗೂ ವಿವರಿಸುತ್ತಿದ್ದ. ಕಲ್ಲು ಜೋಡಿಸುವ ಕೆಲಸ ಮೊದಲಿಗಿಂತ ಜೋರಾಗಿ ನಡೆಯಿತು.

ಜಂಬಣ್ಣ ಬಂಡೆಯಿಂದಿಳಿದು ಕುಸಿದು ಕೂತ. ಅವನ ಮುಖ ನೋಡಿ ನನಗೂ ನಗು ಬರಲಿಲ್ಲ. ನಿಕಾಹ್‌ಗೆ ಮೂರು ವಾರ. ಊರಲ್ಲಿ ಯಾರೂ ಮನೆ ಕೊಡರು, ಗುಡ್ಡ ಮನೆ ಕೊಡುವ ಲಕ್ಷಣವಿಲ್ಲ. ಬೆಳಗಿನಿಂದ ಬಾಯಿ ಬಿಡದ ನಾಗವೇಣಿ ಆಗ ನೂರ್ ಬೀ ಅವರ ಹತ್ತಿರ ಹೋಗಿ, ಅವರ ಕೈಯ ಮಣ್ಣನ್ನು ತನ್ನ ಸೆರಗಿನಿಂದ ಒರೆಸುತ್ತ ಹೇಳಿದಳು:

"ಅಮ್ಮಾ, ಕೆಳಗ ಬಸ್ಸಮ್ಮ ಅಂದಿದ್ದು ಕೇಳಿದ್ರಲ್ಲ. ಮೊದಲ ಕಲ್ಲಿನವ್ರಿಗೇ ಮನಿ ಆಗಲಿಲ್ಲಂದ್ರ, ನಿಮ್ಮ ಜಹೀರ್‌ಗೆ ಹೆಂಗ ಆಗ್ತದ?"

ನೂರ್ ಬೀ ಇಳಿಯುವ ದಾರಿಯಲ್ಲಿ ಎಲ್ಲ ಗುಪ್ಪೆಗಳನ್ನೂ ನೋಡುತ್ತ, ನಡುವೆ ನಿಂತು ತಾವು ಇಟ್ಟ ಕಲ್ಲಿನ ಕಡೆ ತಿರುಗಿ ನೋಡುತ್ತ ಬಂದರು. ಗಾಡಿ ದೇವದುರ್ಗ ದಾಟಿತು. ರಾಯಚೂರಿನ ದೀಪ ಕಾಣುವ ಹೊತ್ತಿಗೆ ಬಾಯಿ ಬಿಟ್ಟರು. ಮಹಡಿಯ ಮನೆ ಇವತ್ತಿನಿಂದ ಜಂಬಣ್ಣನದು ಎಂದರು. ಗುಡ್ಡದ ಮಾತು ಸುಳ್ಳಾಗಬಾರದು. ಜಂಬಣ್ಣನದು ಮುಗಿದರೆ ಜಹೀರ್‌ನ ಸರದಿ ಬರುತ್ತದೆ. ಅಲ್ಲಿಯ ತನಕ ಮಗ ಸೊಸೆ ಕೆಳಗೆ ಪಡಸಾಲೆಯಲ್ಲಿ ಪರದೆ ಕಟ್ಟಿಕೊಂಡಿರಲಿ.

ಪಂಪಾಪತಿ ಕೆಲಸದ ಮನುಷ್ಯ. ಹಂಗಾದ್ರ ಕಾಗದ ಯಾವಾಗ ಮಾಡಿಸೋದು ಎಂದು ಕೇಳಿದ.

"ಕಾಗದ ಯಾಕ? ಗುಡ್ಡ ಕಾಗದ ಕೇಳ್ಯಾದೇನು? ಬಾಯಿ ಮಾತು ಸಾಕು."

ಬಾಡಿಗೆ ಎಂದು ಜಂಬಣ್ಣ ಮೆಲ್ಲಗೆ ಎಳೆದ. ಬಾಡಿಗೆಗೂ ಗುಡ್ಡಕ್ಕೂ ಸಂಬಂಧವಿಲ್ಲ, ಅದು ಹಿಂದಿನ ರಿವಾಜಿನಂತೆ ನಡೆಯುತ್ತದೆ ಎಂದು ನೂರ್ ಬೀ ಸಮಾಧಾನ ಹೇಳಿದರು.

ಮುಂದಿನ ವಾರ ಗೃಹಪ್ರವೇಶ. ಮದುವೆಯಾದಾಗಿನಿಂದ ಬಾಳಿದ ಮನೆಗೆ ಜಂಬಣ್ಣ, ನಾಗವೇಣಿ ಹೊಸ ಬಟ್ಟೆ ಉಟ್ಟು ಬಲಗಾಲಿಟ್ಟು ಒಳಗೆ ಹೋದರು. ಹಸು ಮೆಟ್ಟಿಲು ಹತ್ತಲು ಒಪ್ಪಲಿಲ್ಲ. ಕೆಳಗೇ ನಿಂತು ಎರಡು ಬಾಳೆಹಣ್ಣು ತಿಂದು ತನ್ನ ಕರ್ತವ್ಯ ಮುಗಿಸಿತು. ಹಾಲು ಉಕ್ಕಿಸಿದರು. ಬಸ್ಸಮ್ಮ ಗುಡ್ಡದ ಜನರನ್ನು ಕ್ರೂಸರ್ ತುಂಬ ಕರೆತಂದು, ಗೋಡೆ ಗೋಡೆಗೂ ಗೆಣ್ಣಿನಿಂದ ಬಡಿದು ನೋಡಿ, ಮನೆ ನಿಜ ಎಂದು ಎಲ್ಲರಿಗೂ ತೋರಿಸಿದಳು. ಇಷ್ಟು ಬೇಗ ಕಟ್ಟಿದರೂ ಗೋಡೆ ಹಳೆಯದರಷ್ಟೇ ಗಟ್ಟಿ ಇದೆ ಎಂದು ಒಬ್ಬರು ಮೆಚ್ಚಿಕೊಂಡರು. ಪಂಪಾಪತಿ ಬೊಂಬುಗಳ ಮೇಲೆ ಚಪ್ಪರ ಹಾಕಿ, ಬಾಗಿಲ ಮೇಲೆ 'ಜಂಬಣ್ಣ ನಿಲಯ' ಎಂದು ಬರೆಸಿದ. ಊಟ ಬಡಿಸಿದವರು ಜಹೀರ್ ಮತ್ತು ಅವನ ಗೆಳೆಯರು. ನಾನು ಎರಡು ಸಲ ಕೂತೆ.

ನಿಕಾಹ್ ಚೆನ್ನಾಗಿ ಆಯಿತು. ಮಳೆಗಾಲ ಬಂತು. ಮೊದಲ ಮಳೆಗೇ ಮಹಡಿಯ ಛತ್ತು ಅಡುಗೆಮನೆಯಲ್ಲಿ ಸೋರಿತು. ಜಂಬಣ್ಣ ವಾಡಿಕೆಯಂತೆ ಕೆಳಗಿಳಿದು ನೂರ್ ಬೀ ಅವರಿಗೆ ತಿಳಿಸಿದ. ಅವರು ಮೇಲೆ ಬಂದು, ಛತ್ತು ನೋಡಿ, ನೆಲ ನೋಡಿ, ಬಹಳ ಮರುಕದಿಂದ ಹೇಳಿದರು:

"ಲಗೂ ರಿಪೇರಿ ಮಾಡಿಸ್ಕೊಳ್ರಿ ಜಂಬಣ್ಣಾ. ನಿಮ್ಮ ಮನಿ, ನಿಮಗ ಕಾಳಜಿ ಇರಬೇಕಲ್ಲ."

ಇದನ್ನೆಲ್ಲ ನಾನು ಎದುರು ಮನೆಯಿಂದ ಕಿಟಕಿಯಲ್ಲಿ ನೋಡುತ್ತಿದ್ದೆ. ನಾಗವೇಣಿ ಸೋರುವಲ್ಲಿ ಒಂದು ಬೋಗುಣಿ, ಅದರ ಮಗ್ಗುಲಿಗೆ ಇನ್ನೊಂದು, ಒಲೆಯ ಹತ್ತಿರ ಒಂದು ಕೊಡಪಾನ ಇಟ್ಟಳು. ಆಮೇಲೆ ನಮ್ಮ ಕಡೆ ತಿರುಗಿ, ಓಣಿಯ ಎಲ್ಲ ಬಾಡಿಗೆದಾರರಿಗೂ ಕೇಳುವ ಹಾಗೆ ಹೇಳಿದಳು:

"ಏನು ಮಾಡೋದ್ರಿ. ಸ್ವಂತ ಮನಿ ಅಂದಮ್ಯಾಲ ಇವೆಲ್ಲಾ ಇರೋವೇ."